ಬೆಕ್ಕಿಗೆ ಹಾಲು, ಹುಡುಗನಿಗೆ ಕಾರು: ನ್ಯೂರೋಫೀಡ್‌ಬ್ಯಾಕ್ ಬಗ್ಗೆ ಬಳ್ಳಾರಿಯಲ್ಲಿ ಆಡಿದ ಮಾತು

ಬಳ್ಳಾರಿಯಲ್ಲಿ ಒಂದು ಭಾನುವಾರ ಸಂಜೆ ಪೋಷಕರು, ಶಾಲಾ ಶಿಕ್ಷಕರು ಸೇರಿದ್ದರು. ಅಲ್ಲಿ ಆಡಿದ ಮಾತು ಇದು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ನಾನೇ ಬರೆದಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಕರೆಂಟ್ ಹೋಗಿ ಫ್ಯಾನ್ ನಿಂತಾಗ ನಾನು ಗೊಣಗಿದ್ದನ್ನೂ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಸೆಕೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಮಾತು ಮುಗಿದ ಮೇಲೆ ಒಗ್ಗಾಣಿ, ಮಿರ್ಚಿ ಇದೆ ಎಂದು ಸಂಘಟಕರು ಮೊದಲೇ ಹೇಳಿಬಿಟ್ಟಿದ್ದಾರೆ. ಅದಕ್ಕೇ ಬಂದವರು ಎಷ್ಟು ಜನ ಅಂತ ನಾನು ಕೇಳೋದಿಲ್ಲ.

ಹೋದ ತಿಂಗಳು ಕೌಲ್ ಬಜಾರಿನ ಕಡೆಯಿಂದ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಜೀನ್ಸ್ ಹೊಲಿಯುವ ಕೆಲಸ ಅವರದು. ಜೊತೆಗೆ ಒಂಬತ್ತು ವರ್ಷದ ಮಗ. ಅವನು ಬಂದ ಐದು ನಿಮಿಷದಲ್ಲಿ ನನ್ನ ಮೇಜಿನ ಸ್ಟೇಪ್ಲರ್, ಗಡಿಯಾರ, ಕನ್ನಡಕದ ಡಬ್ಬಿ ಮೂರನ್ನೂ ಬಿಚ್ಚಿ ನೋಡಿದ್ದ. ತಾಯಿಯ ಕೈಯಲ್ಲಿ ಬಣ್ಣಬಣ್ಣದ ಒಂದು ಪಾಂಪ್ಲೆಟ್. "ಮೇಡಂ, ಇದರಾಗ ಮಿದುಳಿಗೆ ಕರೆಂಟ್ ಕೊಡ್ತಾರಂತ. ನಲವತ್ತು ಸಲ ಕೊಟ್ರ ಹುಡುಗ ಶಾಣ್ಯಾ ಆಗ್ತಾನಂತ. ಹೌದೇನ್ರಿ?"

ಪಾಂಪ್ಲೆಟ್ಟಿನಲ್ಲಿದ್ದದ್ದು ನ್ಯೂರೋಫೀಡ್‌ಬ್ಯಾಕ್. ಅಂದರೆ ಮಿದುಳಿನ ಅಲೆ ಹೇಗಿದೆ ಎಂದು ಪರದೆಯ ಮೇಲೆ ಆಗಿಂದಾಗಲೇ ತೋರಿಸುತ್ತಾ, ಅದನ್ನು ಬದಲಿಸಲು ಕಲಿಸುವ ತರಬೇತಿ. ಕರೆಂಟಿನ ಪ್ರಶ್ನೆಗೆ ಉತ್ತರ ಸುಲಭ. ಕೊಡೋದಿಲ್ಲ. ಒಂದು ಚೂರೂ ಕೊಡೋದಿಲ್ಲ. ತಲೆಗೆ ಅಂಟಿಸುವ ವೈರು ಒಳಗಿನಿಂದ ಹೊರಗೆ ಸುದ್ದಿ ತರುತ್ತದೆ, ಅಷ್ಟೇ. ಡಾಕ್ಟರು ಎದೆಗೆ ಸ್ಟೆಥಸ್ಕೋಪ್ ಇಟ್ಟಾಗ ಹೃದಯಕ್ಕೆ ಏನನ್ನೂ ತುಂಬೋದಿಲ್ಲ ಅಲ್ವಾ, ಹಾಗೆ. ಕರೆಂಟ್ ಕೊಡುವ ಚಿಕಿತ್ಸೆಗಳು ಬೇರೆ ಇವೆ, ಆಯಸ್ಕಾಂತ ಬಳಸುವುದೂ ಇದೆ. ಅವು ಮನೋವೈದ್ಯರ ಕೈಯಲ್ಲಿ, ಆಸ್ಪತ್ರೆಯಲ್ಲಿ ನಡೆಯುವಂಥವು. ಇವತ್ತಿನ ವಿಷಯ ಅದಲ್ಲ.

"ಶಾಣ್ಯಾ ಆಗ್ತಾನಾ" ಅನ್ನೋದಕ್ಕೆ ಮಾತ್ರ ಒಂದು ಸಂಜೆ ಬೇಕು. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಮಿದುಳಿನಲ್ಲಿ ವಿದ್ಯುತ್ ಇದೆ ಎನ್ನುವುದು ಹಳೆಯ ಸಂಗತಿ. 1875ರಲ್ಲೇ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ರಿಚರ್ಡ್ ಕೇಟನ್ ಎಂಬ ವೈದ್ಯ ಪ್ರಾಣಿಗಳ ಮಿದುಳಿನಲ್ಲಿ ಅದನ್ನು ಕಂಡಿದ್ದ. ಮನುಷ್ಯನ ತಲೆಯಿಂದ ಅದನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ಅವರ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ಜಾಸ್ತಿ ಹೊತ್ತು ಹೇಳ್ತೀನಿ. ಹುಡುಗನಾಗಿದ್ದಾಗ ಅವರು ಸೈನ್ಯದಲ್ಲಿದ್ದರು. ಒಂದು ದಿನ ಕುದುರೆಯಿಂದ ಬಿದ್ದರು. ಕೂದಲೆಳೆಯಲ್ಲಿ ಜೀವ ಉಳಿಯಿತು. ಅದೇ ದಿನ ಸಂಜೆ ಊರಿನಿಂದ ಅಪ್ಪನ ಟೆಲಿಗ್ರಾಂ ಬಂತು: ಹೇಗಿದ್ದೀಯ? ದೂರದ ಊರಿನಲ್ಲಿದ್ದ ಅಕ್ಕನಿಗೆ ಯಾಕೋ ತಮ್ಮನಿಗೆ ಏನೋ ಆಗಿದೆ ಅನ್ನಿಸಿ, ಹಟ ಹಿಡಿದು ಟೆಲಿಗ್ರಾಂ ಕಳಿಸಿದ್ದಳು. ನಮ್ಮ ಮನೆಗಳಲ್ಲೂ ಇಂಥ ಕಥೆ ಇರುತ್ತವೆ. ನಾವು "ಕರುಳು ಚುರ್ ಅಂತು" ಎಂದು ಹೇಳಿ ಸುಮ್ಮನಾಗ್ತೀವಿ. ಬರ್ಗರ್ ಸುಮ್ಮನಾಗಲಿಲ್ಲ. ಒಂದು ತಲೆಯಿಂದ ಇನ್ನೊಂದು ತಲೆಗೆ ಏನೋ ಹೋಗುತ್ತಿರಬೇಕು, ಅದು ಏನು ಅಂತ ಹುಡುಕಲು ಹೊರಟರು.

ಅವರು ಹುಡುಕಿದ್ದು ಸಿಗಲಿಲ್ಲ. ಬೇರೆಯದು ಸಿಕ್ಕಿತು. 1924ರಲ್ಲಿ ಮನುಷ್ಯನ ತಲೆಯಿಂದ ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಇಳಿಸಿದರು. ತಮ್ಮ ಮಗ ಕ್ಲಾಸ್‌ನನ್ನೇ ಎಷ್ಟೋ ಸಲ ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಹೊರಗೆ ಹೇಳಲು ಧೈರ್ಯ ಬರಲು ಐದು ವರ್ಷ ಹಿಡಿಯಿತು. 1929ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು. ಇವತ್ತು ಫಿಟ್ಸ್ ಬಂದವರಿಗೆ ಬರೆದುಕೊಡುವ ಇಇಜಿ ಪರೀಕ್ಷೆ ಇದೆಯಲ್ಲ, ಅದು ಹುಟ್ಟಿದ್ದು ಹೀಗೆ.

ಆ ವಿದ್ಯುತ್ ಎಷ್ಟಿರುತ್ತದೆ? ನಮ್ಮ ಕುಡತಿನಿಯ ಥರ್ಮಲ್ ಸ್ಟೇಷನ್ನಿನದು 1700 ಮೆಗಾವ್ಯಾಟ್. ನಿಮ್ಮ ಇಡೀ ಮಿದುಳು ನಡೆಯೋದು ಸುಮಾರು 20 ವ್ಯಾಟ್‌ನಲ್ಲಿ, ಒಂದು ಟ್ಯೂಬ್‌ಲೈಟಿಗಿಂತ ಹೆಚ್ಚೇನಲ್ಲ. ಅದರಲ್ಲೂ ತಲೆಬುರುಡೆ, ಚರ್ಮ ಎಲ್ಲ ದಾಟಿ ಕೂದಲಿನ ಬುಡಕ್ಕೆ ಬಂದು ಮುಟ್ಟುವುದು ಕೆಲವು ಹತ್ತು ಮೈಕ್ರೋವೋಲ್ಟ್. ಒಂದು ಟಾರ್ಚ್ ಸೆಲ್ 1.5 ವೋಲ್ಟ್. ಅದನ್ನು ಮೂವತ್ತು ಸಾವಿರ ಪಾಲು ಮಾಡಿ ಒಂದು ಪಾಲು ತೆಗೆದರೆ 50 ಮೈಕ್ರೋವೋಲ್ಟ್. ಅಷ್ಟು. ಕಣ್ಣು ಮಿಟುಕಿಸಿದರೆ ಅದಕ್ಕಿಂತ ದೊಡ್ಡ ಅಲೆ ಬರುತ್ತದೆ. ಹಲ್ಲು ಕಚ್ಚಿದರೆ ಇನ್ನೂ ದೊಡ್ಡದು. ಗೋಡೆಯ ಪ್ಲಗ್ಗಿನ 50 ಹರ್ಟ್ಸ್ ಗುಂಯ್ ಎನ್ನುವುದೂ ಒಳಗೆ ನುಗ್ಗುತ್ತದೆ. ಹಲ್ಲು ಕಚ್ಚುವ ವಿಷಯ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಅಲೆ ಅಂದರೆ ಏನು ಅಂತ ಹೇಳಲು ನಾನು ನಮ್ಮೂರ ದುರ್ಗಮ್ಮನ ಸಿಡಿಬಂಡಿ ಜಾತ್ರೆಯನ್ನು ನೆನೆಯುತ್ತೇನೆ. ಆ ದಿನ ನೀವು ಗುಡಿಯ ಹತ್ತಿರ ಇಲ್ಲ, ಕೋಟೆ ಗುಡ್ಡದ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಕೆಳಗೆ ಸಾವಿರಾರು ಜನ. ಅವರಲ್ಲಿ ಒಬ್ಬರ ಮಾತೂ ನಿಮಗೆ ಕೇಳಿಸೋದಿಲ್ಲ. ಎಲ್ಲರೂ ತಮ್ಮ ತಮ್ಮ ಮಾತಲ್ಲಿದ್ದಾಗ ಒಂದು ಸಣ್ಣ ಗುಜುಗುಜು. ಬಂಡಿ ಹೊರಟು ಎಲ್ಲರೂ ಒಟ್ಟಿಗೆ ಕೂಗಿದಾಗ ದೊಡ್ಡ ಅಲೆ, ನಿಧಾನಕ್ಕೆ ಏಳುತ್ತದೆ, ಬೀಳುತ್ತದೆ. ಇಇಜಿ ಕೇಳಿಸಿಕೊಳ್ಳೋದು ಹೀಗೆ. ನರಕೋಶಗಳು ಒಟ್ಟಿಗೆ ತಾಳ ಹಾಕಿದರೆ ದೊಡ್ಡ, ನಿಧಾನದ ಅಲೆ. ಗಾಢ ನಿದ್ದೆಯಲ್ಲಿ ಹಾಗಾಗುತ್ತದೆ. ಅವೆಲ್ಲ ಬೇರೆ ಬೇರೆ ಕೆಲಸದಲ್ಲಿದ್ದರೆ ಸಣ್ಣ, ಚುರುಕಿನ ಅಲೆ. ನೀವೀಗ ನನ್ನ ಮಾತು ಕೇಳುತ್ತಿದ್ದರೆ ಅದು ಜಾಸ್ತಿ ಇರಬೇಕು. ಹಿಂದಿನ ಸಾಲಿನವರ ಬಗ್ಗೆ ನನಗೆ ಅನುಮಾನ.

ಸೆಕೆಂಡಿಗೆ ಎಷ್ಟು ಅಲೆ ಅನ್ನೋದರ ಮೇಲೆ ಹೆಸರು ಇಟ್ಟಿದ್ದಾರೆ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಡೆಲ್ಟಾ, ನಾಲ್ಕರಿಂದ ಎಂಟು ಥೀಟಾ, ಎಂಟರಿಂದ ಹನ್ನೆರಡು ಆಲ್ಫಾ, ಅದರ ಮೇಲೆ ಮೂವತ್ತರವರೆಗೆ ಬೀಟಾ, ಮುಂದೆ ಗ್ಯಾಮಾ. ಕಣ್ಣು ಮುಚ್ಚಿ ಆರಾಮಾಗಿ ಕೂತರೆ ತಲೆಯ ಹಿಂಭಾಗದಲ್ಲಿ ಆಲ್ಫಾ ಏಳುತ್ತದೆ, ಕಣ್ಣು ಬಿಟ್ಟ ಕೂಡಲೇ ಇಳಿಯುತ್ತದೆ. ಇದನ್ನೂ ಬರ್ಗರ್ ಅವರೇ ಕಂಡಿದ್ದು. ಪಾಂಪ್ಲೆಟ್‌ಗಳಲ್ಲಿ ಥೀಟಾ ಅಂದರೆ ಮಂಕು, ಬೀಟಾ ಅಂದರೆ ಬುದ್ಧಿ ಎಂದು ಬರೆದಿರುತ್ತಾರೆ. ಅಷ್ಟು ಸರಳವಾಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ.

ಈಗ ಬೆಕ್ಕಿನ ವಿಷಯಕ್ಕೆ ಬರೋಣ.

1960ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ ಬೆಕ್ಕುಗಳ ನಿದ್ದೆಯ ಬಗ್ಗೆ ಕೆಲಸ ಮಾಡುತ್ತಿದ್ದರು. ಬೆಕ್ಕು ಇಲಿಗೆ ಹೊಂಚು ಹಾಕುವಾಗ ನೋಡಿದ್ದೀರಲ್ಲ? ಮೈಯೆಲ್ಲ ಕಲ್ಲಿನಂತೆ, ಕಣ್ಣು ಮಾತ್ರ ಎಚ್ಚರ. ಹಾಗೆ ಅಲುಗಾಡದೆ ಎಚ್ಚರವಾಗಿದ್ದಾಗ, ಮೈಯ ಚಲನೆಯನ್ನು ನೋಡಿಕೊಳ್ಳುವ ಮಿದುಳಿನ ಭಾಗದಲ್ಲಿ ಸೆಕೆಂಡಿಗೆ ಹನ್ನೆರಡರಿಂದ ಹದಿನೈದರ ಆಸುಪಾಸಿನ ಒಂದು ತಾಳ ಏಳುತ್ತದೆ. ಸ್ಟರ್ಮನ್ ಮಾಡಿದ್ದು ಇಷ್ಟೇ: ಆ ತಾಳ ಬಂದಾಗಲೆಲ್ಲ ಬೆಕ್ಕಿಗೆ ಹಾಲು, ಕೋಳಿ ಸಾರು. ಕೆಲವು ದಿನಗಳಲ್ಲಿ ಬೆಕ್ಕುಗಳು ಕಲಿತುಬಿಟ್ಟವು. ಹಾಲು ಬೇಕಾದಾಗ ಆ ತಾಳ ತರಿಸಿಕೊಳ್ಳುತ್ತಿದ್ದವು. ಹೇಗೆ ತರಿಸುತ್ತಿದ್ದವು ಅಂತ ಬೆಕ್ಕನ್ನು ಕೇಳಲು ಬರೋದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಅದೊಂದು ಮೋಜಿನ ಸುದ್ದಿ ಆಗುತ್ತಿತ್ತು. ಮುಂದೆ ಸ್ಟರ್ಮನ್‌ಗೆ ಇನ್ನೊಂದು ಕೆಲಸ ಬಂತು. ರಾಕೆಟ್ ಇಂಧನದ ಒಂದು ರಾಸಾಯನಿಕ ಮೈಗೆ ಸೇರಿದರೆ ಫಿಟ್ಸ್ ಬರುತ್ತದೆ, ಅದು ಎಷ್ಟು ಅಪಾಯ ಎಂದು ನೋಡಬೇಕಿತ್ತು. ಬೆಕ್ಕುಗಳ ಮೇಲೆ ಪರೀಕ್ಷೆ ಮಾಡಿದರು. ಪಾಪ, ಆ ಕಾಲದ ಪದ್ಧತಿ ಅದು. ಹೆಚ್ಚಿನ ಬೆಕ್ಕುಗಳಿಗೆ ಬೇಗ ಫಿಟ್ಸ್ ಬಂತು. ಕೆಲವು ಮಾತ್ರ ತುಂಬಾ ಹೊತ್ತು ತಡೆದುಕೊಂಡವು. ಯಾವುವು ಅಂತ ನೋಡಿದರೆ, ಹಿಂದೆ ಹಾಲಿಗಾಗಿ ಆ ತಾಳ ಕಲಿತಿದ್ದವು! ತರಬೇತಿಯಿಂದ ಮಿದುಳಿನಲ್ಲೇ ಏನೋ ಗಟ್ಟಿಯಾಗಿದೆ ಅಂತ ಸ್ಟರ್ಮನ್‌ಗೆ ಹೊಳೆದದ್ದು ಆಗ. 1972ರಲ್ಲಿ ಅವರ ತಂಡ ಫಿಟ್ಸ್ ಇದ್ದ ಒಬ್ಬ ಯುವತಿಗೆ ಇದೇ ತರಬೇತಿ ಕೊಟ್ಟು, ಫಿಟ್ಸ್ ಕಡಿಮೆಯಾದದ್ದನ್ನು ಪ್ರಕಟಿಸಿತು. ಇದಕ್ಕೂ ಮೊದಲು ಶಿಕಾಗೋದಲ್ಲಿ ಜೋ ಕಾಮಿಯಾ ಎಂಬವರು ಮನುಷ್ಯರಿಗೆ ಆಲ್ಫಾ ಗುರುತಿಸುವುದನ್ನು ಕಲಿಸಿದ್ದರು. ಗಂಟೆ ಹೊಡೆದಾಗ "ಈಗ ಆಲ್ಫಾ ಇದೆಯಾ ಇಲ್ಲವಾ" ಹೇಳಬೇಕು. ಸರಿಯಾ ತಪ್ಪಾ ಎಂದು ಪ್ರತಿ ಸಲ ತಿಳಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಜನ ಸರಿಯಾಗಿ ಹೇಳತೊಡಗಿದರು. 1970ರ ದಶಕದಲ್ಲಿ ಟೆನೆಸ್ಸಿಯ ಜೋಯಲ್ ಲೂಬಾರ್ ಇದನ್ನು ಒಂದು ಕಡೆ ಕೂರದ ಮಕ್ಕಳ ಮೇಲೆ ಪ್ರಯೋಗಿಸಿದರು. ನಮ್ಮ ಕೌಲ್ ಬಜಾರಿನ ತಾಯಿಯ ಪಾಂಪ್ಲೆಟ್ಟಿನ ಮೂಲ ಅಲ್ಲಿದೆ.

ಇವತ್ತು ಒಂದು ಸೆಂಟರಿಗೆ ಹೋದರೆ ಏನಾಗುತ್ತದೆ? ಕುರ್ಚಿಯಲ್ಲಿ ಕೂರಿಸುತ್ತಾರೆ. ನೆತ್ತಿಯ ಹತ್ತಿರ ಕೂದಲು ಸರಿಸಿ, ಉಜ್ಜಿ, ಪೇಸ್ಟ್ ಹಚ್ಚಿ, ಚಿಕ್ಕ ಬಿಲ್ಲೆಯಂಥದ್ದನ್ನು ಅಂಟಿಸುತ್ತಾರೆ. ಕಿವಿಗೆ ಕ್ಲಿಪ್. ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ಮೊದಲೇ ಹೇಳಿರುತ್ತಾರೆ. ನಮ್ಮೂರ ಅಜ್ಜಿಯರು ಕೇಳೋದಿಲ್ಲ, ಮೊಮ್ಮಗನಿಗೆ ಕೊಬ್ಬರಿ ಎಣ್ಣೆ ಸುರಿದೇ ಕಳಿಸುತ್ತಾರೆ. ಎದುರಿಗೆ ಪರದೆ. ಪರದೆಯ ಮೇಲೆ ಒಂದು ಕಾರು. ಥೀಟಾ ಒಂದು ಗೆರೆಗಿಂತ ಕೆಳಗೆ, ಬೀಟಾ ಒಂದು ಗೆರೆಗಿಂತ ಮೇಲೆ ಇದ್ದಷ್ಟು ಹೊತ್ತು ಕಾರು ಓಡುತ್ತದೆ. ಇಲ್ಲದಿದ್ದರೆ ನಿಲ್ಲುತ್ತದೆ. ಬೆಕ್ಕಿಗೆ ಹಾಲು, ಹುಡುಗನಿಗೆ ಕಾರು.

ಪ್ರತಿ ಮಗುವೂ ಮೊದಲ ದಿನ ಕೇಳುವ ಪ್ರಶ್ನೆ ಒಂದೇ. "ಇದನ್ನ ಹೆಂಗ ಓಡಿಸ್ಬೇಕು?" ನಮ್ಮ ಹತ್ತಿರ ಉತ್ತರ ಇಲ್ಲ. ಸೈಕಲ್ ಕಲಿಸುವಾಗ "ಬ್ಯಾಲೆನ್ಸ್ ಮಾಡು" ಅಂತೀವಿ, ಬ್ಯಾಲೆನ್ಸ್ ಹೇಗೆ ಮಾಡಬೇಕು ಅಂತ ಯಾರಾದರೂ ಹೇಳಿದ್ದಾರಾ? ಬೀಳ್ತಾ ಏಳ್ತಾ ಮೈಗೆ ಅದಾಗೇ ಗೊತ್ತಾಗುತ್ತದೆ. ಇಲ್ಲಿ ಬೀಳುವುದು ಅಂದರೆ ಕಾರು ನಿಲ್ಲುವುದು. ತೀರಾ ಕಷ್ಟವಾದರೆ ಮಗು ಕೈಬಿಡುತ್ತದೆ, ತೀರಾ ಸುಲಭವಾದರೆ ಕಲಿಯೋದಿಲ್ಲ. ಅದಕ್ಕೆ ಹತ್ತಕ್ಕೆ ಆರೇಳು ಸಲ ಗೆಲ್ಲುವ ಹಾಗೆ ಆ ಗೆರೆಯನ್ನು ಮೇಲೆ ಕೆಳಗೆ ಮಾಡುತ್ತಿರುತ್ತೇವೆ. ಒಂದು ಸಲಕ್ಕೆ ಅರ್ಧ ಗಂಟೆ. ವಾರಕ್ಕೆ ಎರಡು ಮೂರು ಸಲ. ಒಟ್ಟು ಮೂವತ್ತು ನಲವತ್ತು ಸಲ.

ಈಗ ನನ್ನ ಒಂದು ತಪ್ಪಿನ ಕಥೆ ಹೇಳಬೇಕು. ಓದು ಮುಗಿಸಿದ ಹೊಸದರಲ್ಲಿ ಬೆಂಗಳೂರಿನ ಒಂದು ಖಾಸಗಿ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಹೆಸರು ಬೇಡ. ಅಲ್ಲಿಗೆ ಹತ್ತು ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಮೊದಲ ವಾರ ಅವನ ಕಾರು ಅಲುಗಲಿಲ್ಲ. ಎರಡನೇ ವಾರದಿಂದ ಜುಮ್ ಅಂತ ಓಡತೊಡಗಿತು. ನನಗೂ ಖುಷಿ, ಅವನಿಗೂ ಖುಷಿ. ಅವನ ತಾಯಿ ಬಂದು ಹೇಳಿದರು, "ಮನೆಯಲ್ಲಿ ಈಗ ಹೋಮ್‌ವರ್ಕಿಗೆ ಕೂರ್ತಾನೆ ಮೇಡಂ, ತಮ್ಮನ ಜೊತೆ ಜಗಳ ಕಡಿಮೆ ಆಗಿದೆ." ಮೂರು ವಾರ ಹೀಗೆ ನಡೆಯಿತು. ಒಂದು ದಿನ ನಾನು ಪರದೆ ಬಿಟ್ಟು ಸುಮ್ನೆ ಅವನ ಮುಖ ನೋಡುತ್ತಾ ಕೂತೆ. ಕಾರು ಓಡುವಾಗೆಲ್ಲ ಅವನ ಕಪಾಳದ ಹತ್ತಿರ ಒಂದು ಸ್ನಾಯು ಉಬ್ಬುತ್ತಿತ್ತು. ಹುಡುಗ ಹಲ್ಲು ಕಚ್ಚುತ್ತಿದ್ದ! ದವಡೆಯ ಸ್ನಾಯುವಿನ ವಿದ್ಯುತ್ತು ಬೀಟಾದ ಜಾಗದಲ್ಲೇ ಬಂದು ಕೂರುತ್ತದೆ. ಅದನ್ನು ಸೋಸಿ ತೆಗೆಯುವ ಸೆಟ್ಟಿಂಗ್ ಒಂದಿದೆ. ನಾನು ಅದನ್ನು ಹಾಕಿರಲಿಲ್ಲ. ಮೂರು ವಾರ ನಾನು ಆ ಹುಡುಗನಿಗೆ ಗಮನ ಕಲಿಸಿರಲಿಲ್ಲ, ಹಲ್ಲು ಕಚ್ಚುವುದನ್ನು ಕಲಿಸಿದ್ದೆ.

ನಗ್ತೀರಿ, ನಗಿ. ನನಗೆ ಆಗ ಅಳು ಬಂದಿತ್ತು. ಆದರೆ ರಾತ್ರಿ ಮಲಗಿದಾಗ ಇನ್ನೊಂದು ಪ್ರಶ್ನೆ ಕೊರೆಯತೊಡಗಿತು. ಹಲ್ಲು ಕಚ್ಚಿದ್ದಕ್ಕೆ ಹೋಮ್‌ವರ್ಕಿಗೆ ಹೇಗೆ ಕೂತ?

ಇದೇ ಪ್ರಶ್ನೆಯನ್ನು ದೊಡ್ಡವರು ದೊಡ್ಡ ಮಟ್ಟದಲ್ಲಿ ಕೇಳಿದ್ದಾರೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ಮಕ್ಕಳ ಮೇಲೆ ಮೊದಲು ನಡೆದ ಎಷ್ಟೋ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕಂಡಿತ್ತು. 2009ರ ಹೊತ್ತಿಗೆ ಅವನ್ನೆಲ್ಲ ಕೂಡಿಸಿ ನೋಡಿದವರು ಇದು ಗಟ್ಟಿಯಾದ ಚಿಕಿತ್ಸೆ ಎಂದೇ ಬರೆದರು. ಒಂದು ತೊಡಕು ಇತ್ತು. ಮಗು ಸುಧಾರಿಸಿದೆಯಾ ಎಂದು ಹೇಳುತ್ತಿದ್ದವರು ಹೆಚ್ಚಾಗಿ ಅಪ್ಪ ಅಮ್ಮ. ಅವರಿಗೆ ತಮ್ಮ ಮಗು ಈ ತರಬೇತಿಗೆ ಹೋಗುತ್ತಿದೆ ಅಂತ ಗೊತ್ತು. ದುಡ್ಡು, ಸಮಯ, ಆಸೆ ಎಲ್ಲ ಹಾಕಿದ ಮೇಲೆ ಕಣ್ಣು ಒಳ್ಳೆಯದನ್ನೇ ಹುಡುಕುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಳತೆಗೆ ಆಗಿ ಬರೋದಿಲ್ಲ.

ಅದಕ್ಕೆ ಅಮೆರಿಕದಲ್ಲಿ ಏಳರಿಂದ ಹತ್ತು ವರ್ಷದ ಸುಮಾರು 140 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ತರಬೇತಿ. ಇನ್ನೊಂದು ಗುಂಪಿಗೆ ಅದೇ ಕುರ್ಚಿ, ಅದೇ ಪೇಸ್ಟ್, ಅದೇ ಆಟ, ಆದರೆ ಆಟವನ್ನು ನಡೆಸುತ್ತಿದ್ದದ್ದು ಮೊದಲೇ ರೆಕಾರ್ಡ್ ಮಾಡಿಟ್ಟ ಬೇರೆಯ ಇಇಜಿ. ಯಾರಿಗೆ ಯಾವುದು ಎಂದು ಮಗುವಿಗೂ ಗೊತ್ತಿಲ್ಲ, ಅಪ್ಪ ಅಮ್ಮನಿಗೂ, ಶಿಕ್ಷಕರಿಗೂ, ಕೂರಿಸಿ ಆಡಿಸುವವರಿಗೂ ಗೊತ್ತಿಲ್ಲ. 38 ಸಲ ನಡೆಯಿತು. ಕೊನೆಗೆ ನೋಡಿದರೆ ಎರಡೂ ಗುಂಪು ಸುಧಾರಿಸಿತ್ತು. ಚೆನ್ನಾಗೇ ಸುಧಾರಿಸಿತ್ತು. ಒಂದು ವರ್ಷದ ಮೇಲೂ ಅದು ಉಳಿದಿತ್ತು. ಆದರೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2024ರ ಕೊನೆಯಲ್ಲಿ ಇಂಥ 38 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದವರೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು. ಸ್ಟರ್ಮನ್, ಲೂಬಾರ್ ಕಾಲದಿಂದ ಬಂದ ಪಳಗಿದ ವಿಧಾನಗಳನ್ನೇ ಹಿಡಿದ ಕಡೆ ಮಾತ್ರ ಸಣ್ಣ ಲಾಭ ಕಂಡಿತ್ತು.

ನನ್ನ ಹುಡುಗನಿಗೆ ಏನಾಗಿತ್ತು ಅಂತ ಈಗ ನನಗೊಂದು ಅಂದಾಜಿದೆ. ಮನೆಯಲ್ಲಿ, ಶಾಲೆಯಲ್ಲಿ ದಿನವೂ "ಕೂತ್ಕೋ, ಸುಮ್ನಿರು" ಅಂತ ಬೈಸಿಕೊಳ್ಳುವ ಮಗು. ವಾರಕ್ಕೆ ಮೂರು ಸಂಜೆ ಅವನ ಅಮ್ಮ ಎಲ್ಲ ಕೆಲಸ ಬಿಟ್ಟು ಅವನೊಬ್ಬನನ್ನೇ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಬಂದ ಮೇಲೆ ಒಬ್ಬ ದೊಡ್ಡವಳು ಅರ್ಧ ಗಂಟೆ ಅವನ ಪಕ್ಕದಲ್ಲೇ ಕೂತು, ಅವನು ಗೆದ್ದಾಗಲೆಲ್ಲ "ಶಭಾಷ್" ಅನ್ನುತ್ತಿದ್ದಳು. ಮೊಬೈಲ್ ಇಲ್ಲ, ಟಿವಿ ಇಲ್ಲ. ಅಲುಗದೆ ಕೂತರೆ ಗೆಲ್ಲಬಹುದು ಅಂತ ಅವನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಗೊತ್ತಾಗಿತ್ತು. ಇದೆಲ್ಲ ಸೇರಿ ಕೆಲಸ ಮಾಡಿದೆ. ವೈರಿನ ಪಾಲು ಅದರಲ್ಲಿ ಎಷ್ಟು? ಅವನ ವಿಷಯದಲ್ಲಂತೂ ಸೊನ್ನೆ.

ಹಾಗಾದರೆ ಬೆಕ್ಕು? ಈ ವಿದ್ಯೆಯನ್ನು ಎತ್ತಿ ಹಿಡಿಯುವವರು ಹೇಳುವ ಮಾತಿದೆ, ಬೆಕ್ಕಿಗೆ ನಂಬಿಕೆ ಗಿಂಬಿಕೆ ಇಲ್ಲ, ಅದಕ್ಕೆ ಡಾಕ್ಟರ ಮೇಲೆ ಭಕ್ತಿ ಇಲ್ಲ ಅಂತ. ಅದು ನಿಜ. ಮಿದುಳು ತನ್ನ ತಾಳವನ್ನು ಬದಲಿಸಲು ಕಲಿಯಬಲ್ಲದು ಅನ್ನೋದರಲ್ಲಿ ನನಗೂ ಅನುಮಾನ ಇಲ್ಲ. ತಾಳ ಬದಲಾದರೆ ಮಗುವಿನ ದಿನಚರಿ ಬದಲಾಗುತ್ತದಾ ಅನ್ನೋದು ಬೇರೆಯೇ ಪ್ರಶ್ನೆ.

ಇದರಲ್ಲಿ ನನ್ನನ್ನು ನಿಜಕ್ಕೂ ಅಲ್ಲಾಡಿಸಿದ ಕೆಲಸ ಒಂದಿದೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನೀಲ್ಸ್ ಬೀರ್ಬೌಮರ್ ಮತ್ತವರ ತಂಡ ಎಎಲ್ಎಸ್ ರೋಗಿಗಳ ಜೊತೆ ಮಾಡಿದ್ದು. ಆ ರೋಗದಲ್ಲಿ ಒಂದೊಂದೇ ಸ್ನಾಯು ಸೋಲುತ್ತದೆ, ಕೊನೆಗೆ ಮಾತೂ ಹೋಗುತ್ತದೆ. ಬುದ್ಧಿ ಒಳಗೆ ಎಚ್ಚರ ಇರುತ್ತದೆ. ಅಂಥವರಿಗೆ ಮಿದುಳಿನ ಒಂದು ನಿಧಾನದ ಅಲೆಯನ್ನು ಬೇಕೆಂದಾಗ ಏರಿಸಲು, ಇಳಿಸಲು ತಿಂಗಳುಗಟ್ಟಲೆ ಕಲಿಸಿದರು. ಪರದೆಯ ಮೇಲೆ ಅಕ್ಷರಗಳ ಗುಂಪು ಬರುತ್ತದೆ. ಬೇಕಾದರೆ ಅಲೆ ಬದಲಿಸು, ಬೇಡವಾದರೆ ಬಿಡು. ಒಂದೊಂದು ಅಕ್ಷರಕ್ಕೆ ನಿಮಿಷಗಟ್ಟಲೆ. ಹಾಗೆ ಅಕ್ಷರ ಆರಿಸಿ ಆರಿಸಿ ಇಡೀ ಪತ್ರ ಬರೆದರು. 1999ರಲ್ಲಿ ಅದು ಪ್ರಕಟವಾಯಿತು. ಪಾಂಪ್ಲೆಟ್ಟಿನಲ್ಲಿ ಇದು ಎಲ್ಲೂ ಇರೋದಿಲ್ಲ, ಯಾಕಂದರೆ ಇದರಲ್ಲಿ ಪರೀಕ್ಷೆಯ ಮಾರ್ಕ್ಸ್ ಇಲ್ಲ. ಇದೇ ದಾರಿಯಲ್ಲಿ ಮುಂದೆ ಹೋಗಿ, ಲಕ್ವ ಹೊಡೆದವರ ಕೈಗೆ ಚಲನೆ ತರಿಸುವ ಉಪಕರಣಗಳು ಬಂದಿವೆ. ಕೈ ಎತ್ತಬೇಕು ಅಂತ ರೋಗಿ ಮನಸ್ಸಿನಲ್ಲಿ ಅಂದುಕೊಂಡಾಗ ಮಿದುಳಿನ ಅಲೆಯನ್ನು ಹಿಡಿದು, ಕೈಗೆ ತೊಡಿಸಿದ ಯಂತ್ರ ಬೆರಳು ಬಿಚ್ಚುತ್ತದೆ. ಅಂಥ ಒಂದು ಉಪಕರಣಕ್ಕೆ 2021ರಲ್ಲಿ, ಔಷಧ ಮತ್ತು ವೈದ್ಯಕೀಯ ಉಪಕರಣಗಳನ್ನು ನೋಡಿ ಒಪ್ಪುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಮುಂದಿನ ದಿನಗಳಲ್ಲಿ ಈ ವಿದ್ಯೆಯ ದೊಡ್ಡ ಉಪಯೋಗ ಇಲ್ಲೇ ಆಗುತ್ತದೆ ಅಂತ ನನ್ನ ಊಹೆ.

ಉಳಿದವನ್ನು ಬೇಗ ಹೇಳಿ ಮುಗಿಸ್ತೀನಿ. ಫಿಟ್ಸ್: ಮಾತ್ರೆಗೆ ಬಗ್ಗದವರಲ್ಲಿ ಕೆಲವರಿಗೆ ಕಡಿಮೆಯಾದ ವರದಿಗಳಿವೆ, ಹೆಚ್ಚಿನವು ಚಿಕ್ಕ ಗುಂಪುಗಳ ಮೇಲೆ ನಡೆದವು. ಮಾತ್ರೆಯ ಜೊತೆಗೆ ಮಾಡುವುದೇ ಹೊರತು ಮಾತ್ರೆ ಬಿಟ್ಟು ಮಾಡುವುದಲ್ಲ. ಯಾರಾದರೂ "ಮಾತ್ರೆ ನಿಲ್ಲಿಸಿ, ನಮ್ಮಲ್ಲಿ ಬನ್ನಿ" ಅಂದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ನಿದ್ದೆ ಬಾರದವರ ಮೇಲೆ 2017ರಲ್ಲಿ ಆಸ್ಟ್ರಿಯಾದಲ್ಲಿ ನಡೆದ ಪ್ರಯೋಗದಲ್ಲೂ ನಿಜದ್ದು, ಸುಳ್ಳುದ್ದು ಎರಡೂ ಸಮ ಆದವು. ಕುಡಿತ ಬಿಡಿಸುವುದಕ್ಕೆ 1989ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ ಆಲ್ಫಾ, ಥೀಟಾ ತರಬೇತಿ ಮಾಡಿ ಅದ್ಭುತ ಫಲ ಬಂತು ಅಂದರು, ಆಮೇಲೆ ಮಾಡಿದವರಿಗೆ ಅಷ್ಟು ಬರಲಿಲ್ಲ. ತಲೆಗೆ ಪೆಟ್ಟು ಬಿದ್ದು ನೆನಪು, ಗಮನ ಕಳೆದುಕೊಂಡವರ ಮೇಲೆ ನಮ್ಮ ನಿಮ್ಹಾನ್ಸ್‌ನಲ್ಲೇ ಕೆಲಸ ನಡೆದಿದೆ. ಹೆಲ್ಮೆಟ್ ಇಲ್ಲದೆ ಹೊಸಪೇಟೆ ರೋಡಿನಲ್ಲಿ ಬೈಕ್ ಓಡಿಸುವ ನಮ್ಮ ಹುಡುಗರು ಅದರ ಬಗ್ಗೆ ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ಗಾಬರಿ, ಟೆನ್ಷನ್ ಇರುವ ದೊಡ್ಡವರಿಗೆ ಮೈ ಮನಸ್ಸು ಸಡಿಲಿಸಲು ಒಂದು ಸಾಧನವಾಗಿ ಇದು ನಡೆಯುತ್ತದೆ. ಉಸಿರಾಟದ ಅಭ್ಯಾಸವೂ ನಡೆಯುತ್ತದೆ, ಅದಕ್ಕೆ ದುಡ್ಡಿಲ್ಲ. ತೊಂದರೆ ಅಂತ ಆದರೆ ಕೆಲವರಿಗೆ ತಲೆನೋವು, ಸುಸ್ತು, ಸಿಡುಕು.

ನಮ್ಮೂರಿನಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ವಾರಕ್ಕೆ ಎರಡು ಸಲ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು ಆಗುವ ಮಾತಲ್ಲ. ಹತ್ತಿರದಲ್ಲೇ ಯಾರಾದರೂ ಸೆಂಟರ್ ತೆರೆದರೆ ನೀವು ಹೋಗುತ್ತೀರಿ, ಅದೂ ಗೊತ್ತು. ಹೋದಾಗ ನಾಲ್ಕು ಮಾತು ಕೇಳಿ. ನೀವು ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನಲ್ಲಿ ನೋಂದಣಿ ಆದ ಕ್ಲಿನಿಕಲ್ ಸೈಕಾಲಜಿಸ್ಟಾ? ಮೊದಲು ಮಗುವನ್ನು ಯಾವ ಡಾಕ್ಟರು ನೋಡಿ ಇದು ಎಡಿಎಚ್‌ಡಿ ಅಂದಿದ್ದಾರೆ? ಹತ್ತು ಸಲ ಆದ ಮೇಲೆ ಏನೂ ಬದಲಾಗದಿದ್ದರೆ ಏನು ಮಾಡ್ತೀರಿ? ನಲವತ್ತು ಸಲದ ದುಡ್ಡು ಮುಂಗಡ ಯಾಕೆ? ತಲೆಯ ಬಣ್ಣದ ಮ್ಯಾಪ್ ತೋರಿಸಿ "ಇಲ್ಲಿ ನೋಡಿ ಕೆಂಪು" ಅಂದರೆ ಹೆದರಬೇಡಿ. ನನ್ನ ತಲೆಯಲ್ಲೂ ಕೆಂಪು ಇದೆ, ನಾನೇ ನೋಡಿಕೊಂಡಿದ್ದೇನೆ.

ಇನ್ನೊಂದು ವಿಷಯ, ಬಳ್ಳಾರಿಯವರು ಎದೆಯುಬ್ಬಿಸಿ ಹೇಳಬೇಕಾದದ್ದು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಕಾಯಿಲೆಗೆ ಊರೂರಲ್ಲೇ ಚಿಕಿತ್ಸೆ ಕೊಡಬಹುದಾ ಎಂದು ಪ್ರಯೋಗ ಮಾಡಿದ್ದು ನಮ್ಮ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಔಷಧಿಗಳನ್ನು ಕೈಗೆ ಕೊಟ್ಟು ನಡೆಸಿದರು. ಅದು ಯಶಸ್ವಿ ಆಗಿ "ಬಳ್ಳಾರಿ ಮಾದರಿ" ಎಂದೇ ಹೆಸರಾಯಿತು. 1996ರಲ್ಲಿ ಶುರುವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ಇವತ್ತು ಆ ಕಾರ್ಯಕ್ರಮದ ತಂಡ ಜಿಲ್ಲೆಯಲ್ಲಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಮೊದಲು ವಿಮ್ಸ್ ಎಂಬ ಹೆಸರಿದ್ದ ನಮ್ಮ ಬಳ್ಳಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಮನೆಯಿಂದಲೇ ಕನ್ನಡದಲ್ಲಿ ಮಾತಾಡಬೇಕಾದರೆ ಟೆಲಿ ಮನಸ್, 14416. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ. ಮೊದಲು ಅಲ್ಲಿಗೆ. ನೋಡಿ ಹೇಳಿದ ಮೇಲೆ, ಪೋಷಕರಿಗೆ ತರಬೇತಿ, ಶಾಲೆಯಲ್ಲಿ ಸಣ್ಣ ಬದಲಾವಣೆ, ಬೇಕಾದರೆ ಮಾತ್ರೆ. ಇವಕ್ಕೆ ಪುರಾವೆ ಗಟ್ಟಿ ಇದೆ. ಇವೆಲ್ಲ ಆದ ಮೇಲೂ ಕೈಯಲ್ಲಿ ದುಡ್ಡಿದ್ದು, ಮಗುವಿಗೆ ಆಸೆಯಿದ್ದರೆ ಕಾರು ಓಡಿಸಲಿ.

ಪ್ರಶ್ನೆಗಳು ತುಂಬಾ ಬಂದವು. ಕೆಲವನ್ನು ಇಲ್ಲಿ ಹಾಕಿದ್ದೇನೆ.

ಒಬ್ಬ ಕಾಲೇಜು ಹುಡುಗ, ಹಣೆಗೆ ಕಟ್ಟುವ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ, ಮೊಬೈಲ್ ಆಪ್ ಜೊತೆ, ಅದು ಆಗುತ್ತದಾ ಎಂದು ಕೇಳಿದ. ಹಣೆ ಅನ್ನೋದು ಕಣ್ಣಿನ ಪಕ್ಕ, ಹುಬ್ಬಿನ ಮೇಲೆ. ಅಲ್ಲಿ ಸಿಗುವುದರಲ್ಲಿ ಮಿದುಳಿಗಿಂತ ಹುಬ್ಬು ಗಂಟಿಕ್ಕಿದ್ದು, ಕಣ್ಣು ಮಿಟುಕಿಸಿದ್ದೇ ಜಾಸ್ತಿ ಇರಬಹುದು. ಆಟಕ್ಕೆ ತಗೊಳ್ಳಿ, ನೀಟ್ ಪರೀಕ್ಷೆಗೆ ತಗೋಬೇಡಿ ಎಂದೆ.

ಮುಂದಿನ ಸಾಲಿನ ಹಿರಿಯರೊಬ್ಬರು, "ತಾಯಿ, ನಾವು ದಿನಾ ಬೆಳಗ್ಗೆ ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿದ್ರ ಇದೇ ಆಲ್ಫಾ ಬರಂಗಿಲ್ಲೇನು?" ಅಂದರು. ಬರುತ್ತದೆ ಅಪ್ಪಾಜಿ. ಸುಮ್ನೆ ಕಣ್ಣು ಮುಚ್ಚಿದರೂ ಬರುತ್ತದೆ. ಪೂಜೆಯಿಂದ ನಿಮಗೆ ಸಿಗುವುದು ಆಲ್ಫಾಕ್ಕಿಂತ ದೊಡ್ಡದು ಇರಬೇಕು, ಅದನ್ನು ಅಳೆಯುವ ವೈರು ನನ್ನ ಹತ್ತಿರ ಇಲ್ಲ. ಸಭೆ ಚಪ್ಪಾಳೆ ತಟ್ಟಿತು. ನಾನು ತಪ್ಪಿಸಿಕೊಂಡೆ ಅಂತ ಅವರಿಗೂ ಗೊತ್ತಾಗಿತ್ತು, ನಕ್ಕರು.

ಕೊನೆಗೆ ಹಿಂದಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. "ಮೇಡಂ, ಆ ಹಲ್ಲು ಕಚ್ಚಿದ ಹುಡುಗನ ತಾಯಿಗೆ ನೀವು ನಿಜ ಹೇಳಿದ್ರೇನು?"

ಹೇಳಿದೆ. ಒಂದು ವಾರ ಬೇಕಾಯಿತು. ಸೆಂಟರಿನವರು ಹೇಳಬೇಡ ಅಂದಿದ್ದರು.

"ರೊಕ್ಕ ವಾಪಸ್ ಕೊಟ್ರಾ?"

ಸೆಂಟರ್ ಕೊಡಲಿಲ್ಲ. ಉಳಿದ ಸಂಜೆಗಳನ್ನು ಸರಿಯಾದ ಸೆಟ್ಟಿಂಗಿನಲ್ಲಿ ನಾನೇ ಮಾಡಿಕೊಟ್ಟೆ. ಕಾರು ಮತ್ತೆ ಮೊದಲಿನಂತೆ ನಿಂತು ನಿಂತು ಓಡುತ್ತಿತ್ತು. ಹುಡುಗನಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. "ಮೊದ್ಲು ಚೆನ್ನಾಗಿ ಓಡ್ತಿತ್ತು, ನೀವೇ ಕೆಡಿಸಿದ್ರಿ" ಅಂದ. ಆದರೂ ಒಂದು ಸಂಜೆಯೂ ತಪ್ಪಿಸಲಿಲ್ಲ.